ತಂತ್ರಾಂಶದ ತೊಂದರೆಗೆ ಸರಿಯಾದ ಹೆಸರು
(ಸದಸ್ಯರ ಅಧ್ಯಯನ ಪಾಠ)



ಔಷಧಿ ಸಿಂಪಡಣೆ, ಗೊಬ್ಬರ, ನೆರಳು ನಿರ್ವಹಣೆ ಇವುಗಳ ಬಗ್ಗೆ ಈ ಪುಟದಲ್ಲಿ ಪಾಠಗಳನ್ನು ಓದುತ್ತ ಬಂದಿರುವ ತಮಗೆ ಈ ಸಲದ ವಿಷಯ ಸ್ವಲ್ಪ ಹೊಸದೆನಿಸಬಹುದು. ಆದರೆ ಇಂದು ನಮ್ಮ ಪಹಣಿ ಬರುವುದು ಗಣಕಯಂತ್ರದಿಂದ. ಬೆಳೆ ವಿಮೆಯ ಅರ್ಜಿ, ಬೆಳೆ ಸಮೀಕ್ಷೆ, ಸಾಲದ ಖಾತೆ, ನಾವು ತಂದು ಹಾಕಿದ ಚೆರಿ ಕಾಫಿಯ ಬಿಲ್ಲು, ಎಲ್ಲವೂ ಅದರ ಮೂಲಕವೇ ಬರುತ್ತವೆ. ಆ ಯಂತ್ರವನ್ನು ನಡೆಸುವ ಲಿಖಿತ ಸೂಚನೆಗಳ ಕಟ್ಟಿಗೆ ತಂತ್ರಾಂಶ ಎಂದು ಹೆಸರು. ಅದರಲ್ಲಿ ತೊಂದರೆ ಕಂಡಾಗ ನಾವು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: "ಕಂಪ್ಯೂಟರ್ ಸರಿಯಿಲ್ಲ." ಈ ಒಂದು ಮಾತಿನಿಂದ ನಮಗಾಗುವ ನಷ್ಟವೇನು, ಅದಕ್ಕೆ ಬದಲಾಗಿ ಏನು ಹೇಳಬೇಕು ಎಂಬುದೇ ಈ ಪಾಠದ ವಿಷಯ.

ನಮ್ಮ ಸಂಘದಲ್ಲೇ ನಡೆದ ಒಂದು ಸಂಗತಿ

ಹಿಂದಿನ ಒಂದು ಹಂಗಾಮಿನಲ್ಲಿ ವಿರಾಜಪೇಟೆ ಕಡೆಯ ಒಬ್ಬ ಸಣ್ಣ ಬೆಳೆಗಾರರು 40 ಚೀಲ ರೊಬಸ್ಟಾ ಚೆರಿಯನ್ನು ಸಂಘಕ್ಕೆ ಹಾಕಿದರು. ಮಾದರಿ ತೆಗೆದು ಸಿಪ್ಪೆ ಬಿಡಿಸಿ ತೂಗಿದಾಗ 50 ಕಿಲೋ ಚೀಲಕ್ಕೆ ಇಪ್ಪತ್ತಾರೂವರೆ ಕಿಲೋ ಬೇಳೆ ಬಂತು. ಇದನ್ನೇ ನಾವು ಔಟ್‌ಟರ್ನ್ ಅಥವಾ ಓ.ಟಿ. ಎನ್ನುತ್ತೇವೆ. ಓ.ಟಿ. ಚೀಟಿಯಲ್ಲಿ 26.5 ಎಂದು ಬರೆದು ಅವರ ಕೈಗೂ ಒಂದು ಪ್ರತಿ ಕೊಟ್ಟದ್ದಾಯಿತು. ಬಿಲ್ಲು ಬಂದಾಗ ಮೊತ್ತ ಕಡಿಮೆ ಇತ್ತು.

ಲೆಕ್ಕ ಸುಲಭವಾಗಲೆಂದು ಕಿಲೋ ಬೇಳೆಗೆ 200 ರೂಪಾಯಿ ಎಂದಿಟ್ಟುಕೊಳ್ಳೋಣ. 40 ಚೀಲಕ್ಕೆ 26.5ರಂತೆ 1,060 ಕಿಲೋ ಆಗಬೇಕು. ಬಿಲ್ಲಿನಲ್ಲಿ ಇದ್ದದ್ದು 1,040 ಕಿಲೋ. ವ್ಯತ್ಯಾಸ 20 ಕಿಲೋ, ಅಂದರೆ 4,000 ರೂಪಾಯಿ. ಎರಡೂವರೆ ಎಕರೆಯ ಬೆಳೆಗಾರನಿಗೆ ಇದು ಹಲವು ಆಳುಗಳ ದಿನಗೂಲಿ.

ಅವರು ಬರೆದ ದೂರು ಹೀಗಿತ್ತು: "ನಿಮ್ಮ ಕಂಪ್ಯೂಟರ್ ಸರಿಯಿಲ್ಲ. ದುಡ್ಡು ಕಡಿಮೆ ಬಂದಿದೆ." ನಾವು ಅದನ್ನು ತಂತ್ರಾಂಶ ಒದಗಿಸಿದವರಿಗೆ ಕಳಿಸುವಾಗ "ಕಂಪ್ಯೂಟರ್ ಸಮಸ್ಯೆ ಇದೆ, ಸರಿಪಡಿಸಿ" ಎಂದು ಬರೆದೆವು. ಅವರು ಯಂತ್ರವನ್ನು ಪರೀಕ್ಷಿಸಿ, ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎಂದು ಉತ್ತರ ಕೊಟ್ಟರು. ಹಾಗಾದರೆ ತಪ್ಪು ಯಾರದು? ಅಂಕಿ ತುಂಬಿಸಿದ ಗುಮಾಸ್ತೆಯದೇ ಇರಬೇಕೆಂದು ಆಡಳಿತ ಮಂಡಳಿಯಲ್ಲಿ ಮಾತು ಬಂತು. ಆಕೆ ಕಣ್ಣಲ್ಲಿ ನೀರು ತಂದುಕೊಂಡು, "ಸಾರ್, ಚೀಟಿಯಲ್ಲಿ ಇದ್ದದ್ದನ್ನೇ ಹೊಡೆದಿದ್ದೇನೆ" ಎಂದರು. ಸಂಘದ ಮರ್ಯಾದೆಗಾಗಿ ಆ ಸದಸ್ಯರಿಗೆ 4,000 ರೂಪಾಯಿಯನ್ನು ಕೈಯಿಂದಲೇ ಲೆಕ್ಕ ಹಾಕಿ ಕೊಟ್ಟು ವಿಷಯ ಮುಗಿಯಿತೆಂದುಕೊಂಡೆವು.

ಮುಗಿದಿರಲಿಲ್ಲ. ಮೂರು ವಾರದ ಮೇಲೆ ಇನ್ನೊಬ್ಬ ಸದಸ್ಯರು ಅದೇ ದೂರು ಹಿಡಿದು ಮೈಸೂರಿನ ಕಚೇರಿಗೇ ಬಂದರು. ಅಂದು ಸಂಜೆ ಅದೇ ಗುಮಾಸ್ತೆ ಆ ಹಂಗಾಮಿನ ಓ.ಟಿ. ಚೀಟಿಗಳನ್ನೂ ಬಿಲ್ಲುಗಳನ್ನೂ ಜೋಡಿ ಜೋಡಿಯಾಗಿ ಮೇಜಿನ ಮೇಲೆ ಹರಡಿದರು. 26, 27, 28 ಹೀಗೆ ಪೂರ್ಣಾಂಕ ಇದ್ದ ಬಿಲ್ಲುಗಳೆಲ್ಲ ಸರಿಯಾಗಿದ್ದವು. ಚೀಟಿಯಲ್ಲಿ ಅರ್ಧ ಕಿಲೋ ಇದ್ದ ಕಡೆಯಲ್ಲೆಲ್ಲ ಆ ಅರ್ಧ ಬಿದ್ದುಹೋಗಿತ್ತು. ದೂರನ್ನೇ ಕೊಡದೆ, ಬಂದಷ್ಟು ತೆಗೆದುಕೊಂಡು ಹೋಗಿದ್ದ ಸದಸ್ಯರ ಬಿಲ್ಲುಗಳೂ ಅವುಗಳಲ್ಲಿ ಇದ್ದವು.

ಮರುದಿನ ಬರೆದ ಪತ್ರದಲ್ಲಿ ಎರಡೇ ವಾಕ್ಯ ಸಾಕಾಯಿತು: "ಓ.ಟಿ. ಅಂಕಿಯಲ್ಲಿ ದಶಮಾಂಶ ಇದ್ದಾಗ ತಂತ್ರಾಂಶವು ದಶಮಾಂಶವನ್ನು ಕೈಬಿಟ್ಟು ಬಿಲ್ಲು ಮಾಡುತ್ತದೆ. ಪೂರ್ಣಾಂಕ ಇದ್ದಾಗ ಬಿಲ್ಲು ಸರಿಯಾಗಿದೆ." ಎರಡು ದಿನದಲ್ಲಿ ತಂತ್ರಾಂಶ ತಿದ್ದುಪಡಿಯಾಯಿತು. ಹಳೆಯ ಬಿಲ್ಲುಗಳ ಬಾಕಿಯನ್ನೂ ಸದಸ್ಯರಿಗೆ ಸಲ್ಲಿಸಿದ್ದಾಯಿತು. ಗುಮಾಸ್ತೆಯ ಮೇಲೆ ಹೊರಿಸಿದ ಮಾತನ್ನು ಆಡಳಿತ ಮಂಡಳಿ ವಾಪಸು ತೆಗೆದುಕೊಂಡಿತು.

ನಾಲ್ಕು ಪದಗಳು

ಮೇಲಿನ ಸಂಗತಿಯಲ್ಲಿ ನಾವು "ಸಮಸ್ಯೆ" ಎಂದು ಒಟ್ಟಾಗಿ ಕರೆದದ್ದು ನಿಜವಾಗಿ ನಾಲ್ಕು ಬೇರೆ ಬೇರೆ ವಸ್ತು. ಗಣಕ ತಜ್ಞರು ಇವನ್ನು ಪ್ರತ್ಯೇಕಿಸಿ ಹೇಳುವ ಪ್ರಯತ್ನವನ್ನು ಬಹಳ ಕಾಲದಿಂದ ಮಾಡುತ್ತಿದ್ದಾರೆ. ವಿದ್ಯುತ್ ಮತ್ತು ಇಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಸಂಸ್ಥೆಯಾದ ಐ.ಇ.ಇ.ಇ. 1990ರಲ್ಲಿ ತಂತ್ರಾಂಶ ಎಂಜಿನಿಯರಿಂಗ್‌ನ ಪದಕೋಶವನ್ನು ಹೊರತಂದಿತು. 2004ರಲ್ಲಿ ಅವಿಝಿಯೆನಿಸ್, ಲಾಪ್ರಿ, ರ‍್ಯಾಂಡೆಲ್, ಲ್ಯಾಂಡ್‌ವೆಹ್ರ್ ಎಂಬ ನಾಲ್ವರು ವಿಜ್ಞಾನಿಗಳು ಈ ಪದಗಳು ಒಂದರಿಂದ ಒಂದು ಹುಟ್ಟುವ ಸರಪಣಿಯನ್ನು ವಿವರಿಸಿ ಬರೆದರು. ಅವರ ವಿಚಾರವನ್ನು ಅನುಸರಿಸಿ, ನಮ್ಮ ಬಳಕೆಗಾಗಿ ಕೆಳಗಿನ ಕನ್ನಡ ಪದಗಳನ್ನು ಇಟ್ಟುಕೊಳ್ಳೋಣ. ಪದ ಕೂಡಿಸುವ ಕೆಲಸ ಮೈಸೂರಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲೇ ಹೊರಬಂದಿತು. ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ 1969ರಿಂದ ನಮ್ಮ ಊರಿನಲ್ಲೇ ಇದೆ.

1. ಕೈತಪ್ಪು. ಇದು ಮನುಷ್ಯ ಮಾಡುವುದು. ನಿಯಮವನ್ನು ತಪ್ಪಾಗಿ ತಿಳಿದುಕೊಳ್ಳುವುದು, ಒಂದು ಮಾತನ್ನು ಮರೆಯುವುದು, ಅಂಕಿಯನ್ನು ತಿರುಗಿಸಿ ಬರೆಯುವುದು, ಇವೆಲ್ಲ ಕೈತಪ್ಪುಗಳು.

2. ದೋಷ. ಕೈತಪ್ಪಿನಿಂದಾಗಿ ತಂತ್ರಾಂಶದಲ್ಲಿ ಉಳಿದುಕೊಂಡ ಕೊರತೆ. ಇದು ಸೂಚನೆಗಳ ಕಟ್ಟಿನಲ್ಲಿ ಬರೆದುಕೊಂಡು ಕೂತಿರುತ್ತದೆ. ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಮಲಗಿರಲೂಬಹುದು.

3. ಒಳಕೆಡುಕು. ತಂತ್ರಾಂಶ ನಡೆಯುತ್ತಿರುವಾಗ ದೋಷವಿರುವ ಜಾಗವನ್ನು ಹಾದುಹೋದಾಗ ಯಂತ್ರದ ಒಳಗೆ ಹುಟ್ಟುವ ತಪ್ಪು ಸ್ಥಿತಿ. ಇದು ಇನ್ನೂ ಹೊರಗೆ ಬಂದಿರುವುದಿಲ್ಲ.

4. ವೈಫಲ್ಯ. ಒಳಕೆಡುಕು ಹೊರಗೆ ಬಂದು, ತಂತ್ರಾಂಶ ಮಾಡಬೇಕಾದ ಕೆಲಸವನ್ನು ಮಾಡದೆ ಇರುವುದು ಅಥವಾ ತಪ್ಪಾಗಿ ಮಾಡುವುದು. ನಮ್ಮಂತಹ ಬಳಕೆದಾರರಿಗೆ ಕಾಣುವುದು ಇದು ಮಾತ್ರ.

ಇವುಗಳ ಕೊನೆಯಲ್ಲಿ ಬರುವುದು ಹಾನಿ. ಹಣ ಹೋಗುವುದು, ಗಡುವು ಮೀರುವುದು, ಒಬ್ಬರ ಹೆಸರು ಕೆಡುವುದು. ಹಾನಿ ತಂತ್ರಾಂಶದಲ್ಲಿ ಆಗುವುದಿಲ್ಲ, ನಮಗೆ ಆಗುತ್ತದೆ.

ಈಗ ನಮ್ಮ ಬಿಲ್ಲಿಗೆ ಇವನ್ನು ಹೊಂದಿಸಿ ನೋಡೋಣ. ತಂತ್ರಾಂಶ ಮಾಡಿಸುವಾಗ ನಾವು ಮಾದರಿಗೆಂದು ಕೊಟ್ಟ ಹಳೆಯ ಬಿಲ್ಲುಗಳಲ್ಲಿ ಎಲ್ಲ ಓ.ಟಿ.ಯೂ ಪೂರ್ಣಾಂಕದಲ್ಲಿತ್ತು. ಅರ್ಧ ಕಿಲೋ ಬರುವುದುಂಟು ಎಂದು ನಾವು ಬರೆದು ಕೊಡಲಿಲ್ಲ, ಅವರೂ ಕೇಳಲಿಲ್ಲ. ಇದು ಕೈತಪ್ಪು, ಅದರಲ್ಲಿ ನಮ್ಮ ಪಾಲೂ ಇದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಓ.ಟಿ.ಗೆ ಪೂರ್ಣಾಂಕ ಹಿಡಿಯುವಷ್ಟೇ ಜಾಗ ಇಟ್ಟು ತಂತ್ರಾಂಶ ಬರೆದದ್ದು ದೋಷ. 26.5 ಎಂದು ಹೊಡೆದಾಗ ಒಳಗೆ 26 ಎಂದು ಉಳಿದದ್ದು ಒಳಕೆಡುಕು. 1,040 ಕಿಲೋ ಎಂದು ಬಿಲ್ಲು ಅಚ್ಚಾದದ್ದು ವೈಫಲ್ಯ. 4,000 ರೂಪಾಯಿ ಮತ್ತು ಗುಮಾಸ್ತೆಯ ಕಣ್ಣೀರು ಹಾನಿ.

ಇಲ್ಲಿ ಎರಡು ಅಂಶಗಳನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು, ದೋಷ ಇದ್ದ ಮಾತ್ರಕ್ಕೆ ವೈಫಲ್ಯ ಆಗಲೇಬೇಕೆಂದಿಲ್ಲ. ಪೂರ್ಣಾಂಕದ ಓ.ಟಿ. ಬಂದ ದಿನಗಳಲ್ಲಿ ದೋಷ ಮಲಗಿಯೇ ಇತ್ತು. ಒಳಕೆಡುಕು ಇದ್ದರೂ ವೈಫಲ್ಯ ಆಗದಿರಬಹುದು. ಅದೇ ಹಂಗಾಮಿನಲ್ಲಿ ಓ.ಟಿ. ಲೆಕ್ಕವಿಲ್ಲದೆ ಚೀಲಕ್ಕೆ ಇಷ್ಟೆಂದು ದರ ಒಪ್ಪಿಕೊಂಡ ಒಬ್ಬ ಸದಸ್ಯರ ಓ.ಟಿ.ಯಲ್ಲೂ ಅರ್ಧ ಬಿದ್ದುಹೋಗಿತ್ತು. ಆದರೆ ಆ ಅಂಕಿ ಹಣದ ಲೆಕ್ಕಕ್ಕೆ ಬಾರದ್ದರಿಂದ ಅವರ ಬಿಲ್ಲು ಸರಿಯಾಗಿಯೇ ಬಂತು. ಎರಡನೆಯದು, ವೈಫಲ್ಯವನ್ನು ಸರಿಪಡಿಸುವುದು ಬೇರೆ, ದೋಷವನ್ನು ತೆಗೆಯುವುದು ಬೇರೆ. ಮೊದಲ ಸದಸ್ಯರಿಗೆ ಹಣ ಕೊಟ್ಟಾಗ ನಾವು ಒಂದು ವೈಫಲ್ಯದ ಹಾನಿಯನ್ನು ತುಂಬಿಕೊಟ್ಟೆವು. ದೋಷ ಇದ್ದಲ್ಲೇ ಇತ್ತು, ಆದ್ದರಿಂದಲೇ ಎರಡನೆಯವರು ಬಂದರು.

ಕೊಳೆರೋಗದ ಪಾಠ

ಹೆಸರು ಖಚಿತವಾಗಿರಬೇಕೆಂಬುದು ತೋಟಗಾರರಾದ ನಮಗೆ ಹೊಸ ಮಾತಲ್ಲ. "ಕೊಳೆರೋಗ" ಎಂಬ ನಮ್ಮ ಪದವನ್ನೇ ತೆಗೆದುಕೊಳ್ಳಿ. ಅಡಿಕೆ ಬೆಳೆಗಾರನಿಗೆ ಕೊಳೆ ಎಂದರೆ ಮಳೆಗಾಲದಲ್ಲಿ ಎಳೆಕಾಯಿ ಕೊಳೆತು ಉದುರುವುದು. ಕಾಫಿ ಬೆಳೆಗಾರನಿಗೆ ಅದು ಎಲೆ ಕಪ್ಪಾಗಿ ಕೊಳೆತು, ಬೂಷ್ಟಿನ ಎಳೆಯಲ್ಲಿ ರೆಂಬೆಗೆ ಜೋತುಬೀಳುವುದು. ಅಡಿಕೆಯ ಕೊಳೆಗೆ ಕಾರಣ ಫೈಟಾಫ್ಥೊರ ಎಂಬ ಸೂಕ್ಷ್ಮಜೀವಿ. ಕಾಫಿಯ ಕೊಳೆಗೆ ಕಾರಣವಾದ ಶಿಲೀಂಧ್ರ ಬೇರೆಯೇ; ಅದರ ವೈಜ್ಞಾನಿಕ ಹೆಸರಿನಲ್ಲಿ "ಕೊಳೆರೋಗ" ಎಂಬ ಕನ್ನಡ ಪದವೇ ಸೇರಿಕೊಂಡಿದೆ. ಹೆಸರು ಒಂದು, ರೋಗ ಎರಡು. ಎರಡಕ್ಕೂ ಶೇಕಡಾ 1ರ ಬೋರ್ಡೋ ದ್ರಾವಣ ಸಲ್ಲುತ್ತದೆಂಬುದು ನಮ್ಮ ಅದೃಷ್ಟ. ಆದರೆ ಸಿಂಪಡಿಸುವ ಜಾಗವೂ ಜೊತೆಗೆ ಮಾಡಬೇಕಾದ ಕೆಲಸವೂ ಬೇರೆ. ಅಡಿಕೆಯಲ್ಲಿ ಗೊನೆಗೆ ಸಿಂಪಡಿಸಬೇಕು, ಕಾಫಿಯಲ್ಲಿ ಗಿಡದ ನಡುವಿನ ದಟ್ಟಣೆಯನ್ನು ಬಿಡಿಸಿ ಗಾಳಿಯಾಡುವಂತೆ ಮಾಡಬೇಕು.

ಹಳೆಯ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ನರು ಮಲೆನಾಡಿನ ಅಡಿಕೆ ಕೊಳೆಯನ್ನು ಅಧ್ಯಯನ ಮಾಡಿ 1910ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. "ಮಳೆ ಹೆಚ್ಚಾಯಿತು, ಕಾಯಿ ಉದುರಿತು" ಎಂಬಲ್ಲಿಗೆ ನಿಲ್ಲದೆ, ಉದುರಿಸುವ ಜೀವಿ ಯಾವುದೆಂದು ಗುರುತಿಸಿದ್ದರಿಂದಲೇ ಬೋರ್ಡೋ ಸಿಂಪಡಣೆಯನ್ನು ಯಾವಾಗ, ಎಲ್ಲಿ ಮಾಡಬೇಕೆಂದು ಹೇಳುವುದು ಸಾಧ್ಯವಾಯಿತು.

ನಮ್ಮ ನಾಲ್ಕು ಪದಗಳನ್ನು ಅಡಿಕೆ ಕೊಳೆಗೆ ಹೋಲಿಸಬಹುದು. ಹಿಂದಿನ ವರ್ಷ ರೋಗ ಬಂದ ಗೊನೆಯನ್ನು ತೆಗೆಯದೆ ಬಿಟ್ಟದ್ದು ಕೈತಪ್ಪು. ಆ ಗೊನೆ ಮರದಲ್ಲೇ ಒಣಗಿ ನಿಂತಿರುವುದು ದೋಷ. ಮಳೆ ಹಿಡಿದ ಮೇಲೆ ಹೊಸ ಗೊನೆಯ ಒಳಗೆ ರೋಗ ಹಬ್ಬುತ್ತಿರುವುದು ಒಳಕೆಡುಕು. ಕಾಯಿ ಉದುರುವುದು ವೈಫಲ್ಯ. ಬೇಸಿಗೆಯಲ್ಲಿ ತೋಟ ನೋಡಿದವರಿಗೆ ಯಾವ ತೊಂದರೆಯೂ ಕಾಣದು, ಏಕೆಂದರೆ ದೋಷವನ್ನು ಎಬ್ಬಿಸುವ ಸನ್ನಿವೇಶ ಮಳೆ. ನಮ್ಮ ಬಿಲ್ಲಿನಲ್ಲಿ ಎಬ್ಬಿಸುವ ಸನ್ನಿವೇಶ ಅರ್ಧ ಕಿಲೋ.

ಇನ್ನೊಂದು ಮಾತು. ಎಳೆಕಾಯಿ ಉದುರಿತೆಂದ ಮಾತ್ರಕ್ಕೆ ಕೊಳೆಯೇ ಎನ್ನುವಂತಿಲ್ಲ. ರಸ ಹೀರುವ ತಿಗಣೆಯಿಂದಲೂ ಎಳೆಕಾಯಿ ಉದುರುತ್ತದೆ, ನೀರು ಮತ್ತು ಪೋಷಕಾಂಶದ ಕೊರತೆಯಿಂದಲೂ ಉದುರುತ್ತದೆ. ವೈಫಲ್ಯ ಒಂದೇ ತೆರನಾಗಿ ಕಂಡರೂ ದೋಷ ಬೇರೆ ಬೇರೆ ಇರಬಹುದು. ಆದ್ದರಿಂದ ಕಂಡದ್ದನ್ನು ಕಂಡಂತೆ ಹೇಳುವುದು ಬೆಳೆಗಾರನ ಕೆಲಸ. ಕಾರಣ ಹುಡುಕುವುದು ನಂತರದ ಕೆಲಸ.

"ಹುಳು" ಎಂಬ ಮಾತು

ತಂತ್ರಾಂಶದವರು ಇಂಗ್ಲಿಷಿನಲ್ಲಿ ಎಲ್ಲದಕ್ಕೂ "ಬಗ್" ಎನ್ನುತ್ತಾರೆ. ಎಂದರೆ ಹುಳು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್–2 ಗಣಕಯಂತ್ರದ ರಿಲೇ ಒಂದರಲ್ಲಿ ನಿಜವಾಗಿಯೇ ಒಂದು ಪತಂಗ ಸಿಕ್ಕಿಕೊಂಡಿತ್ತು. ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿಟ್ಟರು. ಆದರೆ ಪದ ಅದಕ್ಕಿಂತ ಹಳೆಯದು. ಯಂತ್ರಗಳ ಸಣ್ಣ ಕೊರತೆಗಳನ್ನು ಥಾಮಸ್ ಎಡಿಸನ್ 1878ರಲ್ಲೇ ಹಾಗೆ ಕರೆದಿದ್ದರು.

ಡಚ್ ಗಣಕ ವಿಜ್ಞಾನಿ ಡೈಕ್‌ಸ್ಟ್ರಾ ಅವರಿಗೆ ಈ ಪದ ಹಿಡಿಸುತ್ತಿರಲಿಲ್ಲ. ಹುಳು ಎಂದರೆ, ಬರೆದವನು ನೋಡದಿದ್ದಾಗ ಅದು ತಾನಾಗಿ ಹೊರಗಿನಿಂದ ನುಸುಳಿತೆಂಬ ಭಾವ ಬರುತ್ತದೆ. ನಿಜವಾಗಿ ಅದು ಬರೆದವನೇ ಮಾಡಿದ ತಪ್ಪು ಎಂದು 1988ರಲ್ಲಿ ವಾದಿಸಿದರು. ಈ ಮಾತು ನಮಗೆ ಬೇಗ ಅರ್ಥವಾಗುತ್ತದೆ. ಕಾಂಡಕೊರಕ ಪಕ್ಕದ ತೋಟದಿಂದ ಹಾರಿ ಬರುತ್ತದೆ. ತಂತ್ರಾಂಶದ ದೋಷ ಹಾಗೆ ಹಾರಿ ಬರುವುದಿಲ್ಲ.

ಅರ್ಧ ಕಿಲೋದ ಅಣ್ಣ

ನಮ್ಮ ಅರ್ಧ ಕಿಲೋದ ದೋಷಕ್ಕೆ ಪ್ರಪಂಚದಲ್ಲಿ ದೊಡ್ಡ ಅಣ್ಣನೊಬ್ಬನಿದ್ದಾನೆ. 1996ರ ಜೂನ್ 4ರಂದು ಯೂರೋಪಿನ ಏರಿಯಾನ್–5 ರಾಕೆಟ್ಟು ತನ್ನ ಮೊದಲ ಹಾರಾಟದಲ್ಲೇ ಸುಮಾರು 40 ಸೆಕೆಂಡಿನೊಳಗೆ ದಾರಿ ತಪ್ಪಿ ಛಿದ್ರವಾಯಿತು. ಹಿಂದಿನ ಏರಿಯಾನ್–4ರ ತಂತ್ರಾಂಶದ ಒಂದು ಭಾಗವನ್ನು ಹೊಸ ರಾಕೆಟ್ಟಿಗೂ ಹಾಕಿದ್ದರು. ಅದರಲ್ಲಿ ಅಡ್ಡ ವೇಗಕ್ಕೆ ಸಂಬಂಧಿಸಿದ ಒಂದು ಅಂಕಿಯನ್ನು ಹಿಡಿಯಲು ಇಟ್ಟಿದ್ದ ಜಾಗದ ಗರಿಷ್ಠ ಮಿತಿ 32,767. ಹಳೆಯ ರಾಕೆಟ್ಟಿನ ವೇಗಕ್ಕೆ ಆ ಜಾಗ ಸಾಕಾಗುತ್ತಿತ್ತು. ಹೊಸ ರಾಕೆಟ್ಟು ಹೆಚ್ಚು ರಭಸದ್ದಾದ್ದರಿಂದ ಅಂಕಿ ಅದರಲ್ಲಿ ಹಿಡಿಸಲಿಲ್ಲ. ಒಂದು ಘಟಕ ಕೆಟ್ಟರೆ ಇನ್ನೊಂದಿರಲೆಂದು ಎರಡು ಘಟಕ ಇಟ್ಟಿದ್ದರೂ ಎರಡರಲ್ಲೂ ಒಂದೇ ತಂತ್ರಾಂಶವಿದ್ದುದರಿಂದ ಎರಡೂ ಒಟ್ಟಿಗೆ ನಿಂತವು.

ಇದರಿಂದ ಕಲಿಯಬೇಕಾದ್ದು ಎರಡು. ಒಂದು ಕಡೆ ವರ್ಷಗಟ್ಟಲೆ ಸರಿಯಾಗಿ ನಡೆದ ತಂತ್ರಾಂಶ ಇನ್ನೊಂದು ಕಡೆ ವಿಫಲವಾಗಬಹುದು. ಆದ್ದರಿಂದ "ಬೇರೆ ಸಂಘದಲ್ಲಿ ಚೆನ್ನಾಗಿ ನಡೆಯುತ್ತಿದೆ" ಎಂಬ ಸಮಾಧಾನ ಪೂರ್ಣ ಉತ್ತರವಲ್ಲ. ಒಂದೇ ದೋಷದ ಎರಡು ಪ್ರತಿ ಇಟ್ಟುಕೊಂಡರೆ ರಕ್ಷಣೆ ಇಮ್ಮಡಿಯಾಗುವುದಿಲ್ಲ.

ದೋಷ ತಂತ್ರಾಂಶದಲ್ಲೇ ಇರಬೇಕೆಂದಿಲ್ಲ

ಎಲ್ಲ ವೈಫಲ್ಯಕ್ಕೂ ತಂತ್ರಾಂಶ ಬರೆದವರನ್ನೇ ಹಿಡಿಯುವುದು ಸರಿಯಲ್ಲ. ನಮ್ಮ ರಾಜ್ಯದ ಎರಡು ಉದಾಹರಣೆಗಳನ್ನು ನೋಡೋಣ.

ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿ ದಾಖಲೆಗಳನ್ನು ಗಣಕಯಂತ್ರಕ್ಕೆ ತುಂಬಿಸಲಾಯಿತು. ಕೈಬರಹದ ಪಹಣಿಯಲ್ಲಿ ಹೆಸರು ತಪ್ಪಿದ್ದರೆ, ಅಥವಾ ತುಂಬಿಸುವಾಗ ಒಂದು ಅಕ್ಷರ ತಪ್ಪಿದ್ದರೆ, ತಂತ್ರಾಂಶ ಆ ತಪ್ಪನ್ನೇ ಅಚ್ಚುಕಟ್ಟಾಗಿ ಮುದ್ರಿಸಿ ಕೊಡುತ್ತದೆ. ಇಲ್ಲಿ ದೋಷ ಇರುವುದು ದಾಖಲೆಯಲ್ಲಿ. ಇದನ್ನು ದಾಖಲೆ ದೋಷ ಎಂದು ಕರೆಯೋಣ. ಇದಕ್ಕೆ ಪರಿಹಾರ ತಾಲ್ಲೂಕು ಕಚೇರಿಯಲ್ಲಿ ತಿದ್ದುಪಡಿ ಅರ್ಜಿ. "ಸಾಫ್ಟ್‌ವೇರ್ ತಪ್ಪು" ಎಂದು ಬರೆದ ಅರ್ಜಿ ತಪ್ಪು ಮೇಜಿಗೆ ಹೋಗಿ ಕೂರುತ್ತದೆ.

ನೋಂದಣಿ ಇಲಾಖೆಯ ಕಾವೇರಿ–2 ತಂತ್ರಾಂಶ 2025ರ ಆರಂಭದಲ್ಲಿ ಅಡಚಣೆಗೊಳಗಾಗಿ, ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿ ಕ್ರಯಪತ್ರ ಮಾಡಿಸಲು ಬಂದವರು ಕಾಯಬೇಕಾಯಿತು. ಕಿಡಿಗೇಡಿಗಳು ಸುಳ್ಳು ಕೋರಿಕೆಗಳ ಪ್ರವಾಹವನ್ನೇ ಹರಿಸಿದ್ದು ಕಾರಣವೆಂದು ಸರ್ಕಾರ ತಿಳಿಸಿತು. ಒಂದು ಕಿಟಕಿಯ ಮುಂದೆ ಕೆಲಸವಿಲ್ಲದ ಸಾವಿರ ಜನ ಸಾಲು ನಿಂತರೆ, ಕೆಲಸವಿದ್ದವನಿಗೆ ಕಿಟಕಿ ಸಿಗದು; ಇದೂ ಹಾಗೆಯೇ. ಹೊರಗಿನಿಂದ ನೋಡುವವರಿಗೆ ಕಾಣುವುದು ಪುಟ ತೆರೆಯದಿರುವುದು ಮಾತ್ರ. ಸೇವೆ ಪೂರ್ತಿ ನಿಂತುಹೋಗುವ ಇಂತಹ ವೈಫಲ್ಯವನ್ನು ಅಡಚಣೆ ಎನ್ನೋಣ. ತಪ್ಪು ಉತ್ತರ ಕೊಡುವ ವೈಫಲ್ಯ ಬೇರೆ, ಉತ್ತರವನ್ನೇ ಕೊಡದ ಅಡಚಣೆ ಬೇರೆ. ಅಡಚಣೆ ಕೂಡಲೇ ಎಲ್ಲರಿಗೂ ತಿಳಿಯುತ್ತದೆ. ತಪ್ಪು ಉತ್ತರ ಹಲವು ಬಿಲ್ಲುಗಳವರೆಗೆ ಯಾರಿಗೂ ತಿಳಿಯದೆ ಹೋಗಬಹುದು. ಆದ್ದರಿಂದ ಎರಡರಲ್ಲಿ ತಪ್ಪು ಉತ್ತರವೇ ಹೆಚ್ಚು ಅಪಾಯಕರ.

ಒಂದರ ವೈಫಲ್ಯ ಇನ್ನೊಂದರ ದೋಷವಾಗುವುದೂ ಉಂಟು. ತೂಕದ ಯಂತ್ರ ಕೆಟ್ಟು ಕಡಿಮೆ ತೋರಿಸಿದರೆ ಅದು ಆ ಯಂತ್ರದ ವೈಫಲ್ಯ. ಬಿಲ್ಲಿನ ಲೆಕ್ಕಕ್ಕೆ ಅದೇ ದೋಷವಾಗಿ ಒಳಬರುತ್ತದೆ. ಮಳೆಮಾಪಕದ ಅಂಕಿಯನ್ನು ನೆಚ್ಚಿ ಪರಿಹಾರ ಲೆಕ್ಕ ಹಾಕುವ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲೂ ಇದೇ ಸರಪಣಿ. ಮಾಪಕ ತಪ್ಪು ಅಂಕಿ ಕೊಟ್ಟರೆ, ಲೆಕ್ಕದ ತಂತ್ರಾಂಶ ಎಷ್ಟೇ ಸರಿಯಾಗಿದ್ದರೂ ಪರಿಹಾರದ ಮೊತ್ತ ತಪ್ಪಾಗುತ್ತದೆ.

ಹೆಸರು ಮರೆಸಿದರೆ ಆಗುವ ಅನ್ಯಾಯ

ಪದಗಳ ವಿಷಯದಲ್ಲಿ ಇಷ್ಟೇಕೆ ಹಟ ಎಂದು ಕೆಲವರು ಕೇಳಬಹುದು. ಬ್ರಿಟನ್ನಿನ ಅಂಚೆ ಸಂಸ್ಥೆಯಲ್ಲಿ ನಡೆದದ್ದನ್ನು ಕೇಳಿ. ಅಲ್ಲಿ ಹಳ್ಳಿ ಪಟ್ಟಣಗಳ ಅಂಚೆ ಶಾಖೆಗಳಿಗೆ 1999ರಿಂದ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶವನ್ನು ಹಾಕಿದರು. ಶಾಖೆಗಳ ಲೆಕ್ಕದಲ್ಲಿ ಹಣ ಕಡಿಮೆ ತೋರಿಸತೊಡಗಿತು. ತಂತ್ರಾಂಶ ಗಟ್ಟಿಯಾಗಿದೆ, ಹಣ ಕಡಿಮೆಯಾದರೆ ಅದು ಶಾಖೆ ನಡೆಸುವವರ ಕೈಚಳಕ ಎಂದು ಸಂಸ್ಥೆ ನಂಬಿತು, ನ್ಯಾಯಾಲಯದಲ್ಲೂ ಹಾಗೆಯೇ ಹೇಳಿತು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನರಿಗೆ ಕಳ್ಳತನ, ಸುಳ್ಳು ಲೆಕ್ಕ ಮುಂತಾದ ಆರೋಪದಲ್ಲಿ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು, ಹಲವರು ಮನೆ ಮಾರಿ ಇಲ್ಲದ ಕೊರತೆಯನ್ನು ತುಂಬಿದರು.

2013ರಲ್ಲಿ ಆ ಸಂಸ್ಥೆಯ ಮುಖ್ಯಾಧಿಕಾರಿಣಿ ತಂತ್ರಾಂಶದ ದೋಷಗಳಿಗೆ ಮನಸ್ಸು ಕಲಕದ ಒಂದು ಪದ ಬೇಕೆಂದು ತಮ್ಮ ಪತಿಯನ್ನು ಕೇಳಿದ್ದು ನಂತರದ ವಿಚಾರಣೆಯಲ್ಲಿ ಬಹಿರಂಗವಾಯಿತು. ಸಿಕ್ಕಿದ ಸಲಹೆ, ಅಪವಾದ ಅಥವಾ ವೈಪರೀತ್ಯ ಎಂಬ ಅರ್ಥದ ಪದಗಳು. ದೋಷ ಎಂದರೆ ಯಾರೋ ತಿದ್ದಬೇಕು. ವೈಪರೀತ್ಯ ಎಂದರೆ ಯಾರೂ ಏನೂ ಮಾಡಬೇಕಿಲ್ಲ. 2019ರ ಡಿಸೆಂಬರಿನಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ತಂತ್ರಾಂಶದಲ್ಲಿ ದೋಷಗಳಿದ್ದವೆಂದೂ ಅವು ಶಾಖೆಗಳ ಲೆಕ್ಕವನ್ನು ಕೆಡಿಸಬಲ್ಲವಾಗಿದ್ದವೆಂದೂ ತೀರ್ಪಿತ್ತಿತು. 2024ರ ಮೇ ತಿಂಗಳಲ್ಲಿ ಆ ಶಿಕ್ಷೆಗಳನ್ನು ರದ್ದುಗೊಳಿಸಲು ಒಂದು ಕಾಯಿದೆಯನ್ನೇ ಮಾಡಬೇಕಾಯಿತು.

ನಮ್ಮ ಗುಮಾಸ್ತೆಯ ಮೇಲೆ ಬಂದ ಮಾತೂ ಇದೇ ದಾರಿಯದು. ವೈಫಲ್ಯ ಕಂಡ ಕೂಡಲೇ "ಎಂಟ್ರಿ ತಪ್ಪು" ಎನ್ನುವುದು ಕೈತಪ್ಪೊಂದೇ ಕಾರಣವೆಂದು ತೀರ್ಮಾನಿಸಿಬಿಡುವುದು. ಚೀಟಿ ನೋಡದೆ ಹಾಗೆ ಹೇಳುವ ಅಧಿಕಾರ ಆಡಳಿತ ಮಂಡಳಿಗೂ ಇಲ್ಲ.

ದೂರು ಬರೆಯುವ ಕ್ರಮ

ಇನ್ನು ಮುಂದೆ ತಂತ್ರಾಂಶದ ಬಗ್ಗೆ ದೂರು ಬರೆಯುವಾಗ ಸದಸ್ಯರು ಈ ಅಂಶಗಳನ್ನು ತಿಳಿಸಬೇಕೆಂದು ಕೋರುತ್ತೇವೆ.

1. ತಾವು ಮಾಡಿದ್ದೇನು? ಯಾವ ಪುಟ, ಯಾವ ಚೀಟಿ, ಯಾವ ಅಂಕಿ.
2. ಆಗಬೇಕಾಗಿದ್ದುದೇನು? ತಮ್ಮ ಲೆಕ್ಕದ ಪ್ರಕಾರ ಬರಬೇಕಾದ ಮೊತ್ತ ಅಥವಾ ಉತ್ತರ.
3. ಆದದ್ದೇನು? ಪರದೆಯ ಮೇಲೆ ಬಂದ ಮಾತನ್ನು ಅಕ್ಷರ ಬಿಡದೆ ಬರೆಯಿರಿ. ಆದರೆ ಫೋಟೋ ತೆಗೆದಿಡಿ.
4. ಯಾವಾಗ? ತಾರೀಖು ಮತ್ತು ಗಂಟೆ.
5. ಮತ್ತೆ ಮಾಡಿದರೂ ಹಾಗೆಯೇ ಆಗುತ್ತದೆಯೇ? ಎಲ್ಲರಿಗೂ ಆಗುತ್ತದೆಯೇ, ತಮಗೊಬ್ಬರಿಗೇ ಆಗುತ್ತದೆಯೇ?
6. ಹಾನಿ ಏನು? ಎಷ್ಟು ರೂಪಾಯಿ, ಯಾವ ಗಡುವು?

ಕಾರಣದ ಊಹೆಯನ್ನು ಬರೆಯಬೇಕೆಂದಿಲ್ಲ. ಬರೆಯುವುದಾದರೆ "ನಮ್ಮ ಊಹೆ" ಎಂದು ಬೇರೆಯಾಗಿ ಬರೆಯಿರಿ. ಆಧಾರ್ ಸಂಖ್ಯೆ, ಗುಪ್ತಪದ, ಒ.ಟಿ.ಪಿ. ಇವನ್ನು ದೂರಿನಲ್ಲಿ ಎಂದೂ ಬರೆಯಬಾರದು. ಸಂಘದವರೂ, ದೂರಿಗೆ "ಸರಿಪಡಿಸಲಾಗಿದೆ" ಎಂದು ಉತ್ತರಿಸುವಾಗ ಯಾವುದನ್ನು ಎಂದು ಹೇಳಬೇಕು: ಆ ಒಂದು ಬಿಲ್ಲನ್ನೋ, ತಂತ್ರಾಂಶದ ದೋಷವನ್ನೋ? ಈ ಪ್ರಶ್ನೆಯನ್ನು ಕೇಳುವ ಹಕ್ಕು ತಮಗಿದೆ.

ಅಭ್ಯಾಸ

ಕೆಳಗಿನವುಗಳಲ್ಲಿ ಯಾವುದು ಏನೆಂದು ಮನೆಯವರೊಡನೆ ಕೂತು ಚರ್ಚಿಸಿ, ಆಮೇಲೆ ಉತ್ತರ ನೋಡಿ.

ಅ) ಒಂದು ಚೀಲಕ್ಕೆ 49.6 ಕಿಲೋ ಎನ್ನುವ ಬದಲು 496 ಎಂದು ಹೊಡೆದರು. ತಂತ್ರಾಂಶ ಅದನ್ನೇ ತೆಗೆದುಕೊಂಡಿತು.
ಆ) ಅಜ್ಜ ತೀರಿಕೊಂಡು ವರ್ಷಗಳಾದರೂ ಪಹಣಿಯಲ್ಲಿ ಅವರ ಹೆಸರೇ ಬರುತ್ತಿದೆ.
ಇ) ವಿಮೆಗೆ ಅರ್ಜಿ ಹಾಕುವ ಕೊನೆಯ ದಿನ ಪುಟವೇ ತೆರೆಯಲಿಲ್ಲ.
ಈ) ಹಳೆಯ ಕನ್ನಡ ಕಡತವನ್ನು ಹೊಸ ಯಂತ್ರದಲ್ಲಿ ತೆರೆದಾಗ ಅಕ್ಷರವೆಲ್ಲ ಚೆಲ್ಲಾಪಿಲ್ಲಿಯಾಗಿ ಕಂಡಿತು.

ಉತ್ತರಗಳು: ಅ) ಹೊಡೆದವರದು ಕೈತಪ್ಪು. ಆದರೆ 50 ಕಿಲೋ ಚೀಲದಲ್ಲಿ 496 ಕಿಲೋ ಇರಲಾರದೆಂದು ತಡೆಯದ ತಂತ್ರಾಂಶದಲ್ಲೂ ದೋಷವಿದೆ. ಒಂದನ್ನು ಹೇಳಿ ಇನ್ನೊಂದನ್ನು ಬಿಡಬಾರದು. ಆ) ತಂತ್ರಾಂಶದ ದೋಷವಲ್ಲ. ಪೌತಿ ಖಾತೆ ಆಗಬೇಕಾಗಿದೆ. ಇ) ಅಡಚಣೆ. ಕಾರಣ ಹೊರಗಿನಿಂದ ತಿಳಿಯದು. ಫೋಟೋ ತೆಗೆದು, ಗಂಟೆ ಬರೆದು, ಅಂದೇ ಲಿಖಿತ ದೂರು ಕೊಡಬೇಕು. ಗಡುವು ವಿಸ್ತರಣೆ ಕೇಳಲು ಅದೇ ಆಧಾರ. ಈ) ತೋರಿಸುವುದರಲ್ಲಿ ವೈಫಲ್ಯ. ಹಳೆಯ ಅಕ್ಷರಶೈಲಿಯ ಸಂಕೇತ ಬೇರೆ, ಇಂದಿನ ಯೂನಿಕೋಡ್ ಸಂಕೇತ ಬೇರೆ. ಕಡತದ ವಿಷಯ ಹೋಗಿಲ್ಲ, ಪರಿವರ್ತಿಸಿಕೊಂಡರೆ ಓದಬಹುದು. ಆದ್ದರಿಂದ ಅದನ್ನು ಅಳಿಸಬೇಡಿ.

ಕೊನೆಯ ಮಾತು

ಆ ಸಂಜೆ ಕಚೇರಿಗೆ ಬಂದಿದ್ದ ಎರಡನೆಯ ಸದಸ್ಯರು ಹಿರಿಯರು, ಅಡಿಕೆಯನ್ನೂ ಬೆಳೆಯುವವರು. ಚೀಟಿಗಳನ್ನು ಜೋಡಿಸಿದ್ದನ್ನು ನೋಡಿ, "ಇಷ್ಟೇನಾ ಸ್ವಾಮಿ? ನಾವು ಗೊನೆ ಕೆಳಗೆ ನಿಂತು ಮರ ಮರ ಲೆಕ್ಕ ಹಾಕೋದೂ ಇದೇ ಅಲ್ವಾ?" ಎಂದರು. ಹೌದು, ಇಷ್ಟೇ. ಯಾವ ಮರದಲ್ಲಿ ಉದುರಿತು, ಯಾವುದರಲ್ಲಿ ಉದುರಲಿಲ್ಲ ಎಂದು ನೋಡಿ ಹೇಳಬಲ್ಲ ಬೆಳೆಗಾರನಿಗೆ ಯಾವ ಬಿಲ್ಲು ತಪ್ಪಿತು, ಯಾವುದು ತಪ್ಪಲಿಲ್ಲ ಎಂದು ಹೇಳುವುದೂ ಬರುತ್ತದೆ.

ಹಿಂದಿನ ಹಂಗಾಮುಗಳ ಓ.ಟಿ. ಚೀಟಿಗಳು ತಮ್ಮ ಬಳಿ ಇದ್ದರೆ ಬಿಲ್ಲಿನೊಡನೆ ಒಮ್ಮೆ ಹೋಲಿಸಿ ನೋಡಿ. ವ್ಯತ್ಯಾಸ ಕಂಡರೆ ಮೇಲಿನ ಆರು ಅಂಶಗಳನ್ನು ಬರೆದು ಸಂಘಕ್ಕೆ ತಲುಪಿಸಬೇಕಾಗಿ ವಿನಂತಿ. ಚೀಟಿಯನ್ನು ಮಾತ್ರ ಎಸೆಯಬೇಡಿ.